ಅರ್ಧಕ್ಕೆ ನಿಲ್ಲಿಸಿ ಮಾರಿದ ಕಥೆಗಳು

ಆಗ ನನಗೆ ಅರವತ್ತಾರು ವರ್ಷ. ಅದೂ ಆಧಾರ್ ಕಾರ್ಡಿನ ಲೆಕ್ಕ, ನಾನು ಹುಟ್ಟಿದ ದಿನ ಬರೆದಿಟ್ಟವರು ಯಾರೂ ಇಲ್ಲ. ಇದೆಲ್ಲ ನಡೆದು ಈಗ ಮೂರು ವರ್ಷವಾಯಿತು. ಮೂರು ವರ್ಷವಾದರೂ ನೆನಪಾದಾಗ ಸಿಟ್ಟು ಬರುತ್ತದೆ. ಯಾರ ಮೇಲೆ ಎಂಬುದು ಮಾತ್ರ ದಿನಕ್ಕೊಂದು ಥರ.

ನಾನು ಪುಸ್ತಕ ಮಾರುವವಳು. ಆಳಂದದ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ನಮ್ಮದೊಂದು ತಗಡಿನ ಡಬ್ಬಿ ಅಂಗಡಿ ಇದೆ. ವಾರಕ್ಕೊಂದು ದಿನ ಗಂಟು ಕಟ್ಟಿಕೊಂಡು ಅಫಜಲಪುರಕ್ಕೆ ಹೋಗುತ್ತೇನೆ, ಇನ್ನೊಂದು ದಿನ ಜೇವರ್ಗಿಗೆ. ಪಂಚಾಂಗ, ಮಗ್ಗಿ ಪುಸ್ತಕ, ವಚನ, ಪುರಾಣ, ನೌಕರಿ ಪರೀಕ್ಷೆಯ ಗೈಡು, ಕಾದಂಬರಿ ಎಲ್ಲ ಮಾರುತ್ತೇನೆ. ಓದಿದ್ದು ಮಾತ್ರ ಎರಡನೇ ಇಯತ್ತೆ. ಅಕ್ಷರ ಕೂಡಿಸಬಲ್ಲೆ, ಒತ್ತಕ್ಷರ ಬಂದರೆ ಏರುದಾರಿಯ ಚಡಾವಿನಲ್ಲಿ ಎತ್ತು ನಿಂತಂತೆ ನಿಲ್ಲುತ್ತೇನೆ. ಪುಸ್ತಕವನ್ನು ನಾನು ಗುರುತಿಸುವುದು ರಟ್ಟಿನ ಬಣ್ಣದಿಂದ, ದಪ್ಪದಿಂದ, ಮೇಲಿನ ಚಿತ್ರದಿಂದ. ಹೀಗೆ ಗುರುತು ಹಿಡಿದು ಮೂವತ್ತು ವರ್ಷ ಮಾರಿದ್ದೇನೆ, ಒಂದು ಸಲವೂ ಒಂದರ ಬದಲು ಇನ್ನೊಂದು ಕೊಟ್ಟವಳಲ್ಲ.

ಒಳಗಿನ ಕಥೆ ಗೊತ್ತಾಗುತ್ತಿದ್ದುದು ಗಂಡನಿಂದ. ಅವನು ಏಳನೆಯವರೆಗೆ ಕಲಿತಿದ್ದ, ಬಯಲಾಟದ ಧ್ವನಿ ಇತ್ತು. ಬಿಸಿಲಿಗೆ ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಹೊಸ ಕಾದಂಬರಿ ತೆಗೆದು ಓದುತ್ತಿದ್ದ, ನಾನು ಹಳೆಯ ಪುಸ್ತಕಗಳ ಬೆನ್ನಿಗೆ ಅಂಟು ಹಚ್ಚುತ್ತ ಕೇಳುತ್ತಿದ್ದೆ. ಸಂತೆಗೆ ಹೋದಾಗ ಅದೇ ಕಥೆಯನ್ನು ನಾನು ಹೆಣ್ಣುಮಕ್ಕಳಿಗೆ ಹೇಳುತ್ತಿದ್ದೆ. ಹೇಳಿ ಹೇಳಿ, ಎಲ್ಲಿ ಬಿಟ್ಟರೆ ಅವರಿಗೆ ರಾತ್ರಿ ನಿದ್ದೆ ಬರುವುದಿಲ್ಲವೋ ಅಲ್ಲಿ ನಿಲ್ಲಿಸಿ ಸುಮ್ಮನಾಗುತ್ತಿದ್ದೆ. "ಮುಂದೇನಾತು, ಹೇಳಬೇ" ಅಂದರೆ, "ನಾ ಎದಕ ಹೇಳ್ಲಿ? ಪುಸ್ತಕಾ ಅದಲ್ಲ, ಒಯ್ದು ಓದು" ಅನ್ನುತ್ತಿದ್ದೆ. ಓದಲು ಬಾರದವಳು ಓದಬಲ್ಲ ಮಗಳಿಗಾಗಿ ಒಯ್ಯುತ್ತಿದ್ದಳು. ಕಡೆ ಹೇಳಿದರೆ ಪುಸ್ತಕ ಯಾರು ಕೊಳ್ಳುತ್ತಾರೆ? ಮೂವತ್ತು ವರ್ಷದಲ್ಲಿ ಒಂದು ಕಾದಂಬರಿಯ ಕಡೆಯನ್ನೂ ನಾನು ಬಾಯಿಬಿಟ್ಟಿರಲಿಲ್ಲ. ಇದು ನೆನಪಿರಲಿ, ಮುಂದಿನ ರಾಮಾಯಣ ಆದದ್ದು ಇದರಿಂದಲೇ.

ಗಂಡ ಸತ್ತ ಮೇಲೆ ಹೊಸ ಕಾದಂಬರಿಗಳ ಕಥೆ ನನಗೆ ಅಷ್ಟಕ್ಕಷ್ಟೆ. ಆದರೆ ಹಳೆಯವು ಮತ್ತೆ ಮತ್ತೆ ಅಚ್ಚಾಗಿ ಬರುತ್ತಿದ್ದವು, ಬಾಯಿಪಾಠವಿದ್ದವು, ವ್ಯಾಪಾರ ನಡೆಯುತ್ತಿತ್ತು. ಕಾದಂಬರಿಗೆ ನನ್ನ ದೊಡ್ಡ ಗಿರಾಕಿ ಅಫಜಲಪುರದ ಒಂದು ರೊಟ್ಟಿ ಕೇಂದ್ರ. ಮಹಿಳಾ ಸಂಘದ್ದು. ಮೂವತ್ತು ನಲವತ್ತು ಹೆಣ್ಣುಮಕ್ಕಳು ಸಾಲಾಗಿ ಕುಳಿತು ಕಡಕ್ ರೊಟ್ಟಿ ಬಡಿಯುತ್ತಾರೆ. ಅವರದೊಂದು ಪದ್ಧತಿ ಇತ್ತು. ಓದಲು ಚೆನ್ನಾಗಿ ಬರುವ ಒಬ್ಬಳನ್ನು ನಡುವೆ ಕೂರಿಸುತ್ತಿದ್ದರು. ಅವಳು ರೊಟ್ಟಿ ಬಡಿಯುವಂತಿಲ್ಲ, ಕಾದಂಬರಿ ಓದಬೇಕು. ಅವಳ ಪಾಲಿನ ರೊಟ್ಟಿಯನ್ನು ಉಳಿದವರು ತಲೆಗೆ ಎರಡು ಮೂರರಂತೆ ಬಡಿದು ತುಂಬಿಕೊಡುತ್ತಿದ್ದರು. ವರ್ಷಕ್ಕೊಮ್ಮೆ, ಶ್ರಾವಣಕ್ಕೆ ಮೊದಲು, ಸಂಘದ ಅಲಮಾರಿಗೆಂದು ನನ್ನ ಗಂಟನ್ನು ಇಡಿಯಾಗಿ ಇಳಿಸಿಕೊಳ್ಳುತ್ತಿದ್ದರು. ಆ ಒಂದು ಗಂಟಿನ ಮೇಲೆ ನನ್ನ ಕಾದಂಬರಿಯ ವ್ಯಾಪಾರ ವರ್ಷವಿಡೀ ನಿಂತಿತ್ತು.

ಆ ವರ್ಷ ಮಾಲು ತರಲು ಕಲಬುರಗಿಗೆ ಹೋದಾಗ, ನಾವು ಗಂಟುಗಟ್ಟಲೆ ಪುಸ್ತಕ ತರುವ ಠೋಕ್ ಅಂಗಡಿಯವನು ಬಾಗಿಲಲ್ಲೇ ತಡೆದ. ಅವನ ಅಪ್ಪನ ಕಾಲದಿಂದ ನಾನು ಆ ಅಂಗಡಿಯ ಗಿರಾಕಿ.

"ಅಮ್ಮಾ, ಈ ಸಲ ಕಾದಂಬರಿ ಕಡಿಮಿ ಒಯ್ರಿ," ಅಂದ.

"ಯಾಕೋ ತಮ್ಮಾ, ಗೆದ್ದಲಾ ಹತ್ಯಾವೇನು?"

"ಗೆದ್ದಲಾ ಅಲ್ರಿ, ಫೋನ್ ಹತ್ಯದ. ಮಂದಿ ಈಗ ಓದೂದಿಲ್ಲ, ಕೇಳಾಕತ್ತಾರ. ತಿಂಗಳಿಗೊಮ್ಮೆ ರೊಕ್ಕಾ ಕಟ್ಟಿದ್ರ ಫೋನಿನಾಗ ಬೇಕಾದಷ್ಟು ಪುಸ್ತಕ ಕೇಳಬೋದು. ಓದಿ ಹೇಳಾಕ ಕಂಪನಿಯವರು ಮಂದೀನ ಇಟ್ಟಾರ."

"ಖಾನಾವಳ್ಯಾಗ ತಿಂಗಳ ಊಟಾ ಹಚ್ಚಿದಂಗ?"

"ಬರಾಬರ್ ಹೇಳಿದ್ರಿ. ತಿಂಗಳಿಗೊಮ್ಮೆ ಕೊಡು, ಹೊಟ್ಟಿ ತುಂಬ ಉಣ್ಣು."

"ಖಾನಾವಳ್ಯಾಗ ಒಬ್ಬಾಂವ ಉಂಡ್ರ ಒಬ್ಬನ ಹೊಟ್ಟಿ ತುಂಬ್ತದ. ಇಲ್ಲಿ ಒಬ್ಬಾಂವ ಕಟ್ಟಿದ್ರ ಓಣಿ ಓಣಿನೇ ಕುಂತು ಕೇಳ್ತದಲ್ಲೋ!"

ಅವನು ನಕ್ಕ. ಕೆಲವು ಪ್ರಕಾಶಕರು ಈಗ ಹೊಸದನ್ನು ಮೊದಲು ಫೋನಿಗೇ ಕೊಡುತ್ತಾರಂತೆ, ಅಲ್ಲಿ ಓಡಿದರೆ ಆಮೇಲೆ ಕಾಗದದಲ್ಲಿ ಅಚ್ಚು ಹಾಕುತ್ತಾರಂತೆ. ಮೊದಲು ನನಗೆಂದೇ ಒಂದು ಕಪಾಟಿನ ತುಂಬ ಕಾದಂಬರಿ ತೆಗೆದಿಡುತ್ತಿದ್ದ ಅವನೇ ಈಗ ಆ ಕಪಾಟಿನಲ್ಲಿ ಗೈಡು ತುಂಬಿದ್ದ. "ಒಯ್ಯೂದಾದ್ರ ಒಯ್ರಿ, ಆದ್ರ ಮಾರದ ಉಳದ್ರ ನಾ ವಾಪಸ್ ತೊಗೊಳಂಗಿಲ್ಲ. ಮದಲ ಹೇಳೇನಿ," ಅಂದ. ನಾನು ಅವನ ಮಾತು ಕೇಳಲಿಲ್ಲ. ಎಂದಿನಷ್ಟೇ ದೊಡ್ಡ ಗಂಟು ಕಟ್ಟಿಸಿ ಬಸ್ಸಿಗೆ ಹಾಕಿಸಿದೆ. ರೊಟ್ಟಿ ಕೇಂದ್ರದವರು ಇಳಿಸಿಕೊಂಡರೆ ಸರಿ. ಇಲ್ಲವಾದರೆ ಕಾದಂಬರಿಗೆ ಕೈಮುಗಿದು ಮಗ್ಗಿ ಪುಸ್ತಕ ಮಾರಿಕೊಂಡು ಕೂರಬೇಕು. ಅದು ನನಗೆ ಗೊತ್ತಿತ್ತು, ಆದರೂ ಒಯ್ದೆ.

ಅಫಜಲಪುರದಲ್ಲಿ ಆಟೋದಿಂದ ಗಂಟು ಇಳಿಸಿದಾಗಲೇ ಏನೋ ಬೇರೆ ಅನ್ನಿಸಿತು. ಕೇಂದ್ರದ ಗದ್ದಲ ರಸ್ತೆಗೇ ಕೇಳಬೇಕು, ಅವತ್ತು ರೊಟ್ಟಿಯ ಪಟಪಟ ಬಿಟ್ಟರೆ ಹೆಣ್ಣುಮಕ್ಕಳ ಸದ್ದಿಲ್ಲ. ಒಳಗೆ ಹೋದರೆ ನಡುವೆ ಖಾಲಿ ಸ್ಟೀಲಿನ ಕೊಡ, ಕೊಡದೊಳಗೆ ಫೋನು. ದನಿ ದೊಡ್ಡದಾಗಲಿ ಎಂದು ಹಾಗೆ ಇಟ್ಟಿದ್ದರು. ಕೊಡದೊಳಗಿಂದ ಒಬ್ಬ ಗಂಡಸು ನುಣ್ಣಗೆ ಓದುತ್ತಿದ್ದ, ಬೆಂಗಳೂರ ಕಡೆಯವನ ಹಾಗೆ. ಎಲ್ಲರೂ ತಲೆ ಬಗ್ಗಿಸಿ ರೊಟ್ಟಿ ಬಡಿಯುತ್ತಿದ್ದರು. ಮೊದಲಾದರೆ ಓದುವವಳನ್ನು ನಡುವೆ ತಡೆದು, "ಆ ಅತ್ತಿ ಬಾಯಿಗೆ ಮಣ್ಣು ಹಾಕ" ಎಂದು ಒಬ್ಬಳು ಬೈದರೆ, ಇನ್ನೊಬ್ಬಳು ತನ್ನ ಅತ್ತೆಯ ಸುದ್ದಿ ತೆಗೆಯುತ್ತಿದ್ದಳು. ಕೊಡದೊಳಗಿನವನಿಗೆ ಯಾರು ಏನು ಹೇಳುತ್ತಾರೆ? ಅವನಿಗೆ ಕಿವಿಯಿಲ್ಲ.

ಸಂಘದ ಅಧ್ಯಕ್ಷೆ ಎದ್ದು ಬಂದಳು. ಒಳ್ಳೆಯ ಹೆಣ್ಣುಮಗಳು, ಐವತ್ತರ ಆಚೀಚೆ.

"ಬರ್ರಿ ಯಕ್ಕಾ, ಕೂಡ್ರಿ. ಚಾ ಕುಡೀರಿ. ಆ ಗಂಟು ಮಾತ್ರ ಬಿಚ್ಚಬ್ಯಾಡ್ರಿ."

"ಯಾಕ? ಹಾವು ಅದೇನು ಅದರಾಗ?"

"ಹಂಗಲ್ರಿ. ಸೊಸಿ ಫೋನಿಗೆ ತಿಂಗಳದ್ದು ಹಾಕಿಸ್ಯಾಳ. ಇಡೀ ಕೇಂದ್ರಕ್ಕ ಒಂದ ಫೋನ್ ಸಾಕಾಗೇದ. ಮತ್ತ ಪುಸ್ತಕಾ ತೊಗೊಂಡು ಏನ್ ಮಾಡೂದ್ರಿ?"

ಅಷ್ಟರಲ್ಲಿ ಮೊದಲು ಓದುತ್ತಿದ್ದವಳು ಹಂಚಿನ ಮುಂದಿನಿಂದಲೇ ಕೈ ಎತ್ತಿ ತೋರಿಸಿದಳು. ತೆಳ್ಳಗಿನ ಕನ್ನಡಕದ ಹೆಂಗಸು, ಹತ್ತನೇ ಪಾಸಾದವಳು. "ನೋಡಬೇ ಆಯಿ, ಆರು ವರ್ಷ ಕುಂತ ಕುಂತ ಓದಿ ರೊಟ್ಟಿ ಪಾಲು ತೊಗೊಂಡಾಕಿ ನಾ. ಈಗ ಕೈಬೆರಳೆಲ್ಲ ಸುಟ್ಟು ಬೊಬ್ಬಿ."

ಅವಳ ಪಕ್ಕದವಳು ಬಿಡಲಿಲ್ಲ. "ನಿನಗ ಕೆಮ್ಮು ಬಂದ್ರ ಕತಿ ನಿಲ್ತಿತ್ತು. ನಿನ್ನ ಗಂಡನ ಫೋನ್ ಬಂದ್ರ ಕತಿ ನಿಲ್ತಿತ್ತು. ಇವಗ ಕೆಮ್ಮೂ ಇಲ್ಲ, ಹೇಣ್ತೀನೂ ಇಲ್ಲ."

ಎಲ್ಲರೂ ನಕ್ಕರು. ನನಗೆ ಹೊಟ್ಟೆ ಉರಿಯಿತು. ಅಧ್ಯಕ್ಷೆ ಬೇಡವೆಂದರೂ ಗಂಟು ಬಿಚ್ಚಿದೆ, ಮೇಲಿದ್ದ ಕೆಂಪು ರಟ್ಟಿನ ಕಾದಂಬರಿ ಎತ್ತಿಕೊಂಡೆ. "ಆ ಕೊಡದಾಗಿನಾಂವನ್ನ ಜರಾ ಸುಮ್ಕ ಮಾಡ್ರಿ. ನಾ ಒಂದು ಕತಿ ಹೇಳ್ತೇನಿ, ಆಮ್ಯಾಲ ಬ್ಯಾಡ ಅನ್ರಿ ನೋಡೋಣ," ಅಂದೆ. ಯಾರೋ ಫೋನು ನಿಲ್ಲಿಸಿದರು.

ಕೆಂಪು ರಟ್ಟಿನದು ನನ್ನ ಬಲವಾದ ಮಾಲು, ಈ ಕೇಂದ್ರಕ್ಕೆ ಮಾತ್ರ ಇನ್ನೂ ಕೊಟ್ಟಿರಲಿಲ್ಲ. ಬಡವರ ಮನೆಯ ಹುಡುಗಿ ದೊಡ್ಡ ವಾಡೆಗೆ ಸೊಸೆಯಾಗಿ ಬರುತ್ತಾಳೆ. ಗಂಡ ಸಾಯುತ್ತಾನೆ. ಅವಳ ಪಾಲಿನ ಹೊಲದ ಕಾಗದಪತ್ರವನ್ನು ಮೈದುನ ಅಡಗಿಸಿಡುತ್ತಾನೆ, ಜೋಳ ತುಂಬುವ ಹಗೇವಿನಲ್ಲಿ, ನೆಲದೊಳಗೆ. ಒಂದು ದಿನ ಮನೆಯವರೆಲ್ಲ ಮದುವೆಗೆ ಹೋದಾಗ ಅವಳು ಹಗ್ಗ ಬಿಟ್ಟುಕೊಂಡು ಹಗೇವಿಗೆ ಇಳಿಯುತ್ತಾಳೆ. ಕಾಗದ ಕೈಗೆ ಸಿಗುತ್ತದೆ. ಆಗ ಮೇಲೆ ಯಾರೋ ನಡೆದ ಸಪ್ಪಳ. ಇಲ್ಲಿ ನಾನು ಯಾವಾಗಲೂ ನಿಲ್ಲಿಸುತ್ತೇನೆ. ಅವತ್ತೂ ನಿಲ್ಲಿಸಿದೆ. ರೂಢಿ ನೋಡಿ, ರೊಟ್ಟಿ ಬಡಿಯುತ್ತಿದ್ದವರ ಕಡೆ ತಿರುಗಿ ಕೇಳಿದೆ, "ಮುಂದ ಏನಾಗಿರಬೇಕು?"

"ಸತ್ಲು!" ಅಂದರು. ನಲವತ್ತು ಬಾಯಿ ಒಟ್ಟಿಗೆ.

"ಹೋದ ತಿಂಗಳ ಕೇಳೀವಿ ಆಯಿ," ಅಂದಳು ಮೂಲೆಯಲ್ಲಿ ಹಿಟ್ಟು ನಾದುತ್ತಿದ್ದವಳು. "ಮೈದುನ ಮ್ಯಾಲಿನ ಕಲ್ಲು ಮುಚ್ಚತಾನ. ಒಳಗ ಉಸರು ಕಟ್ಟಿ ಸಾಯ್ತಾಳ. ನಾವೆಲ್ಲಾ ಅವತ್ತ ಅತ್ತ ಅತ್ತ ರೊಟ್ಟಿ ಹೊತ್ತಿಸಿದ್ವಿ."

"ಸಾಯೂದಿಲ್ಲ," ಅಂದೆ.

"ಸಾಯ್ತಾಳ, ಆಯಿ."

"ನಿಮ್ಮ ಫೋನಿನಾಂವ ಪುಟಾ ಹಾರಿಸ್ಯಾನ. ಬಾಡಿಗಿ ಮನಷಾ, ಅವಗೇನ್ ಬಿದ್ದದ? ಕೇಳ್ರಿ ಇಲ್ಲಿ." ಸಿಟ್ಟಿನಲ್ಲಿದ್ದೆ, ಮೂವತ್ತು ವರ್ಷ ಕಟ್ಟಿಟ್ಟ ಬಾಯಿ ಬಿಚ್ಚಿದೆ. "ಸಪ್ಪಳಾ ಮಾಡಿದಾಂವ ಮೈದುನ ಅಲ್ಲ, ಮನಿ ಆಳು. ಅಂವ ಹಗ್ಗಾ ಎಳದು ಮ್ಯಾಲ ತೊಗೊಳ್ತಾನ. ಆಕಿ ಕಾಗದಾ ಉಡ್ಯಾಗ ಕಟಗೊಂಡು ತವರಿಗೆ ಹೋಗ್ತಾಳ. ಹೊಲಾ ಬಿಡಿಸ್ಕೋತಾಳ. ಕಡೀಕ ಬಸ್ ಸ್ಟ್ಯಾಂಡ್ ಮುಂದ ಬಳಿ ಅಂಗಡಿ ಇಡ್ತಾಳ. ಮುಗೀತು!"

ಯಾರೂ ನಂಬಲಿಲ್ಲ. ಅಧ್ಯಕ್ಷೆ ನಗು ತಡೆದುಕೊಂಡು, "ಯಕ್ಕಾ, ಪುಸ್ತಕ ನಿಮ್ಮ ಕೈಯಾಗ ಅದಲ್ರಿ. ನೋಡೇ ಬಿಡೋಣ," ಅಂದಳು.

"ನೋಡ್ರಿ. ನಾ ಹೇಳಿದಂಗ ಇದ್ರ ಇಡೀ ಗಂಟು ಇಳಿಸಿಕೊಳ್ರಿ. ಇಲ್ಲಂದ್ರ ನಾ ಬಾಯಿ ಮುಚ್ಚಿ ಹೊತ್ಕೊಂಡು ಹೋಗ್ತೇನಿ."

"ಮಾತು ಅಂದ್ರ ಮಾತ್ರಿ."

ನನ್ನ ಮನಸ್ಸಿನಲ್ಲಿ ಗಂಟು ಆಗಲೇ ಇಳಿದಿತ್ತು. ಕನ್ನಡಕದವಳು ಕೈ ತೊಳೆದು ಬಂದು, ಸೆರಗಿಗೆ ಒರೆಸಿ, ಕಡೆಯ ಅಧ್ಯಾಯ ತೆಗೆದಳು. ಅವಳ ಹಳೆಯ ಜಾಗದಲ್ಲೇ ಕುಳಿತು ಓದಿದಳು. ಮೈದುನ ಕಲ್ಲು ಮುಚ್ಚಿದ. ಒಳಗೆ ಉಸಿರಿಲ್ಲ. ಎಂಟು ದಿನದ ಮೇಲೆ ತೆಗೆದಾಗ ಕಾಗದ ಅವಳ ಮುಷ್ಟಿಯಲ್ಲೇ ಇತ್ತು. ಆಳು ಎಂಬವನೇ ಇಲ್ಲ. ಬಳೆ ಅಂಗಡಿ ಎಂಬುದೇ ಇಲ್ಲ. ನಾನು ಪುಸ್ತಕ ಕಸಿದುಕೊಂಡು ಕಡೆಯ ಸಾಲಿನ ಮೇಲೆ ಬೆರಳಿಟ್ಟು ನಾನೇ ಅಕ್ಷರ ಕೂಡಿಸಿ ನೋಡಿದೆ. ಮುಷ್ಟಿ ಎಂದೇ ಇತ್ತು.

"ಇದನ್ನ ಬರದಾಂವ ಹಗೇವು ಕಂಡಿಲ್ಲ," ಅಂದೆ. ಸೋತ ಮೇಲೂ ನನ್ನ ಬಾಯಿ ನಿಲ್ಲುವುದಿಲ್ಲ. "ದೀಪಾ ಇಳಿಸಿ ನೋಡದ ಯಾವ ಹೆಣ್ಮಗಳು ಹಗೇವಿನಾಗ ಕಾಲಿಡ್ತಾಳ? ಕಲ್ಲು ಮುಚ್ಚೂದೇನು ಬೇಕಾಗಿದ್ದಿಲ್ಲ, ಒಳಗಿನ ಕೆಟ್ಟ ಗಾಳಿಗೆ ಇಳದ ಕೂಡ್ಲೇ ಬೀಳತಿದ್ಲು."

"ಅದು ಖರೇ," ಅಂದಳು ಹಿಟ್ಟು ನಾದುವವಳು. "ನಮ್ಮ ಮಾವ ದೀಪಾ ಆರಿದ್ರ ಎರಡ ದಿನಾ ಹಗೇವಿನ ಬಾಯಿ ತೆರದು ಬಿಡ್ತಿದ್ದ." ಆಮೇಲೆ ಅವಳೇ ಕೇಳಿದಳು, "ಅದಿರಲಿ ಆಯಿ, ಆ ನೀಲಿ ರಟ್ಟಿಂದು, ಮಾಸ್ತರನ ಹೇಣ್ತಿ ಕತಿ, ಅದರ ಕಡೀ ನಿನಗ ಹ್ಯಾಂಗ ಗೊತ್ತದ?"

"ಗಂಡನ್ನ ಬಿಟ್ಟು ಹೋಗಿ ಕಿರಾಣಿ ಅಂಗಡಿ ಇಡ್ತಾಳ."

ಒಬ್ಬಳು ಸೆರಗು ಬಾಯಿಗೆ ಇಟ್ಟುಕೊಂಡಳು. ನೀಲಿ ರಟ್ಟಿನದನ್ನು ಅವರು ನನ್ನಿಂದಲೇ ಕೊಂಡು ಓದಿದ್ದರು.

"ಹಸರ ರಟ್ಟಿಂದು? ಅವಳಿ ಅಕ್ಕ ತಂಗೇರ್ದು?"

"ದೊಡ್ಡಾಕಿ ಹೊಲಗಿ ಮಷೀನ್ ಅಂಗಡಿ. ಸಣ್ಣಾಕಿ..." ಅಲ್ಲಿಗೆ ನಾನೇ ನಿಂತೆ.

"ಆಕೀದು ಯಾ ಅಂಗಡಿ ಬೇ ಆಯಿ?"

"ಚಾ ಅಂಗಡಿ," ಅಂದೆ. ಇನ್ನೇನು ಹೇಳಲಿ?

ರೊಟ್ಟಿಯ ಕೆಲಸ ಪೂರಾ ನಿಂತಿತು. ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ಎಲ್ಲಾರೂ ಅಂಗಡೀನ ಇಟ್ರ ಗಿರಾಕಿ ಯಾರು ಆಯಿ?" ಅಂದಳೊಬ್ಬಳು. ಹಂಚಿನ ಮೇಲೆ ನಾಲ್ಕೈದು ರೊಟ್ಟಿ ಕರಿಕಾದವು. ನನಗೆ ಅವರ ನಗುವಿನ ಕಡೆ ಗಮನವೇ ಇರಲಿಲ್ಲ. ನಮ್ಮ ಡಬ್ಬಿ ಅಂಗಡಿಯ ಮಧ್ಯಾಹ್ನಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಗಂಡ ಓದುತ್ತಾನೆ. ಪುಸ್ತಕದ ಬಲಗೈ ಕಡೆ ಬೆರಳು ದಪ್ಪದಷ್ಟು ಪುಟ ಉಳಿದಿರುತ್ತದೆ. ಆಗ ಆಕಳಿಸುತ್ತಾನೆ. ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟು, "ಕಡೀಕ ಏನಾತಂದ್ರ" ಎಂದು ಬಾಯಿಮಾತಿನಲ್ಲಿ ಎರಡು ಮಾತು ಹೇಳಿ, ಟವೆಲ್ ಮುಖದ ಮೇಲೆ ಹಾಕಿಕೊಂಡು ಮಲಗುತ್ತಾನೆ. ಅವನು ಮೊದಲೇ ಓದಿಕೊಂಡಿರುತ್ತಾನೆ ಎಂದು ನಾನು ತಿಳಿದಿದ್ದೆ. ಅವನು ಎದುರಿಗೆ ಕಾಣುವ ಅಂಗಡಿಗಳನ್ನು ನೋಡಿ ಹೇಳುತ್ತಿದ್ದ. ಬಳೆಯದು, ಕಿರಾಣಿಯದು, ಹೊಲಿಗೆಯದು, ಚಹಾದ್ದು, ಎಲ್ಲ ನಿಲ್ದಾಣದ ಗೋಡೆಗುಂಟ ನಮ್ಮ ಎದುರು ಸಾಲಿನಲ್ಲಿದ್ದವು.

ಓದಿದ ಗಿರಾಕಿಗಳು ಯಾರೂ ಬಂದು ನನಗೆ ಹೇಳಿರಲಿಲ್ಲ. ಪುಸ್ತಕ ಮಾರುವವಳಿಗೆ ಪುಸ್ತಕ ಗೊತ್ತಿರುತ್ತದೆ ಎಂದುಕೊಂಡಿದ್ದರು. ಅವರನ್ನು ಬೈಯುವಂತಿಲ್ಲ.

ಮಾತು ಕೊಟ್ಟಿದ್ದೆ. ಗಂಟು ಕಟ್ಟಿದೆ. ಹಿಟ್ಟು ನಾದುವವಳು, "ಆಯಿ, ದಿನಾ ಬಂದು ನಿನ್ನ ಗಂಡನ ಕತಿ ಹೇಳಬೇ, ನಾವು ಫೋನ್ ಬಂದ್ ಮಾಡ್ತೇವಿ," ಅಂದಳು. ಚೇಷ್ಟೆಯೋ ನಿಜವೋ ಗೊತ್ತಾಗಲಿಲ್ಲ. "ನಾ ಪುಸ್ತಕಾ ಮಾರಾಕಿ ಬೇ, ಬಾಯಿ ಮಾರಾಕಿ ಅಲ್ಲ," ಎಂದು ಹೊರಟೆ.

ಅಧ್ಯಕ್ಷೆ ಬಾಗಿಲವರೆಗೆ ಬಂದಳು. "ಯಕ್ಕಾ, ಒಂದು ಪುರಾಣದ ಪುಸ್ತಕ ಕೊಟ್ಟು ಹೋಗ್ರಿ. ಶ್ರಾವಣದಾಗ ಓದಿಸಬೇಕು."

"ಅದೂ ಫೋನಿನಾಗ ಸಿಗಂಗಿಲ್ಲೇನು?"

"ಸಿಗ್ತದ್ರಿ. ಆದ್ರ ಪುರಾಣ ಮುಗಿಸೂ ಮಂಗಲದ ದಿನಾ ಪೂಜಿ ಮಾಡೂದು ಎದಕ್ಕ? ಫೋನಿಗೆ ವಿಭೂತಿ ಹಚ್ಚಿ ಹೂವಾ ಏರಸಾಕ ಬರ್ತದೇನ್ರಿ?"

ನನಗೆ ಇನ್ನಷ್ಟು ರೇಗಿತು. ಓದುವುದಕ್ಕೆ ಬೇಡ, ಹೂವೇರಿಸುವುದಕ್ಕೆ ಬೇಕು. ಆದರೂ ಕೊಟ್ಟೆ. ಇಡೀ ಗಂಟಿನ ಜಾಗದಲ್ಲಿ ಒಂದು ಪುಸ್ತಕ ಹೋಯಿತು.

ಬಸ್ಸಿನಲ್ಲಿ ಕಂಡಕ್ಟರು ಗಂಟಿಗೆ ಲಗೇಜಿನ ಚೀಟಿ ಹರಿದ. ಹೋಗುವಾಗಲೂ ಹರಿದಿದ್ದ. ಕಿಟಕಿಯ ಪಕ್ಕ ಕುಳಿತು ಸತ್ತವನನ್ನು ಮನಸ್ಸಿನಲ್ಲೇ ಬೈಯುತ್ತ ಬಂದೆ. ಆಮೇಲೆ ಈ ಸುದ್ದಿ ಕೇಳಿದ ಎದುರು ಸಾಲಿನ ಬಳೆಯವಳು, ನಿನ್ನ ಮನಸ್ಸು ನೋಯಬಾರದೆಂದು ಅವನು ಹಾಗೆ ಹೇಳುತ್ತಿದ್ದನೇನೋ ಅಂದಳು. ಏನೂ ಇಲ್ಲ. ನನ್ನ ಮನಸ್ಸು ನೋಡಿ ನಡೆದ ಮನುಷ್ಯನಲ್ಲ ಅವನು. ಮನೆಗೆ ಸುಣ್ಣ ಬಳಿಯಲು ನಿಂತರೆ ಎರಡು ಗೋಡೆ ಬಳಿದು ಬಿಡುತ್ತಿದ್ದ. ಹಿತ್ತಲಿನ ಕಟ್ಟೆ ಮೊಳಕಾಲುದ್ದಕ್ಕೆ ನಿಂತದ್ದು ಇವತ್ತಿಗೂ ಹಾಗೇ ಇದೆ. ಕಾದಂಬರಿಗೂ ಹಾಗೇ ಮಾಡಿದ. ಆಲಸಿ, ಅಷ್ಟೇ.

ಫೋನಿನವನ ಮೇಲೆ ನನಗೆ ಸಿಟ್ಟಿದೆ. ಆದರೆ ಒಂದು ಮಾತು ಒಪ್ಪಬೇಕು, ಬಾಡಿಗೆಯವನಾದರೂ ಅವನು ಕಡೆಯ ಸಾಲಿನವರೆಗೆ ಓದುತ್ತಾನೆ. ನನ್ನ ಗಂಡನಿಗೆ ಆ ನಿಯತ್ತು ಇರಲಿಲ್ಲ. ನಾನೂ ಕಡಿಮೆಯೇನಲ್ಲ. ಕಾಯಿಪಲ್ಲೆ ಮಾರುವವಳು ಬದನೆಕಾಯಿ ಹುಳುಕೋ ಅಲ್ಲವೋ ತಿರುಗಿಸಿ ನೋಡುತ್ತಾಳೆ, ಮೂವತ್ತು ವರ್ಷ ನಾನು ನನ್ನ ಮಾಲಿನ ತಳ ನೋಡಿರಲಿಲ್ಲ. ತಪ್ಪಿ ತಪ್ಪಿ ಓದಿದರೂ ಒಂದು ಪುಟಕ್ಕೆ ಎಷ್ಟು ಹೊತ್ತು ಬೇಕಿತ್ತು? ಗಂಡ ಓದುತ್ತಾನಲ್ಲ ಎಂದು ಬಿಟ್ಟೆ. ಅಫಜಲಪುರದ ಗಿರಾಕಿ ಹೋಯಿತು, ಕಲಬುರಗಿಯವನು ವಾಪಸು ತೆಗೆದುಕೊಳ್ಳುವುದಿಲ್ಲ. ಉಳಿದದ್ದು ಜೇವರ್ಗಿ. ಅಲ್ಲಿಯೂ ಯಾರದೋ ಮನೆಯಲ್ಲಿ ಆ ಕೊಡ ಇದ್ದೇ ಇರುತ್ತದೆ. ಅಲ್ಲಿ ಹೋಗಿ ಮತ್ತೆ ಬಳೆ ಅಂಗಡಿ ಎಂದು ನಿಲ್ಲುವ ಹಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದು, ಕಸ ಹೊಡೆದು, ಗಂಟು ಬಿಚ್ಚಿ ಕುಳಿತೆ. ಮೂರು ಕಾದಂಬರಿ ಆರಿಸಿ, ಕಡೆಯ ಪುಟ ತೆಗೆದು, ಬೆರಳಿಟ್ಟು ಜೋರಾಗಿ ಓದಿದೆ. ಒತ್ತಕ್ಷರ ಬಂದಲ್ಲಿ ನಿಂತೆ, ಮತ್ತೆ ಹಿಂದಿನಿಂದ ಬಂದೆ. ಪಂಚಾಂಗ ಕೇಳಲು ಬಂದವನನ್ನು ಅರ್ಧ ಪುಟದವರೆಗೆ ನಿಲ್ಲಿಸಿದೆ. ಮೊದಲನೆಯದರಲ್ಲಿ ಕಥೆಯ ಹೆಣ್ಣು ಸತ್ತಿದ್ದಳು. ಎರಡನೆಯದರಲ್ಲಿ ತಾನೇ ಬೈದು ಬಿಟ್ಟುಹೋಗಿದ್ದ ಗಂಡನ ಮನೆಗೇ ತಿರುಗಿ ಬಂದಿದ್ದಳು. ಮೂರನೆಯದರಲ್ಲಿ ಮಳೆ ಬರುತ್ತಿತ್ತು, ಯಾರಿಗೆ ಏನಾಯಿತು ಎಂದು ಬರೆದೇ ಇರಲಿಲ್ಲ. ಅಷ್ಟು ದಪ್ಪ ಪುಸ್ತಕ! ಕಡೆ ಗೊತ್ತಾದ ಆ ಮೂರನ್ನೂ ಗಂಟಿನ ಮೇಲ್ಭಾಗಕ್ಕೆ ಇಟ್ಟು ಕಟ್ಟಿ, ಬಾಗಿಲು ಹಾಕಿ, ಜೇವರ್ಗಿಯ ಬಸ್ಸು ಹತ್ತಿದೆ.